ಕಿರ್ದಿಯಲ್ಲಿ ಮೊದಲು ಕಾಣುವ ಮರೆವು

ಡಿಮೆನ್ಶಿಯಾದ ಆರಂಭಿಕ ಲಕ್ಷಣಗಳು ಮತ್ತು ವ್ಯಾಪಾರಿ ಕುಟುಂಬ

ಯಲ್ಲಾಪುರದ ಪೇಟೆಯಲ್ಲಿ ನಾಲ್ಕು ದಶಕಗಳ ಕಾಲ ಅಡಿಕೆ ವ್ಯಾಪಾರ ನಡೆಸಿದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಮೇಲೆತ್ತಿದರೆ ಸಾಕು, ರಾಶಿಯೋ ತಟ್ಟಿಬೆಟ್ಟೆಯೋ, ಚಾಲಿಯಲ್ಲಿ ಕೋಕಾ ಎಷ್ಟು ಬೆರೆತಿದೆ, ಒಣಗಿದ್ದು ಸಾಲದೇ ಎಂಬುದನ್ನು ಅವರು ಅರೆಗಳಿಗೆಯಲ್ಲಿ ಹೇಳಬಲ್ಲರು. ಇಪ್ಪತ್ತು ವರ್ಷಗಳ ಹಿಂದಿನ ಧಾರಣೆಯೂ ಅವರ ನಾಲಿಗೆಯ ತುದಿಯಲ್ಲಿದೆ. ಇಂಥವರ ಅಂಗಡಿಯಲ್ಲಿ ಒಂದು ದೀಪಾವಳಿಗೆ ಲೆಕ್ಕ ಕೂಡಿಸುವಾಗ, ಗೋಣಿಚೀಲ ಪೂರೈಸುವ ಹುಬ್ಬಳ್ಳಿಯ ವ್ಯಾಪಾರಿಗೆ ಒಂದೇ ಬಿಲ್ಲಿನ ಹಣ ಎರಡು ಬಾರಿ ಸಂದಾಯವಾಗಿರುವುದು ಕಂಡುಬರುತ್ತದೆ. ಬೆಳೆಗಾರರೊಬ್ಬರಿಗೆ ಕೊಟ್ಟ ಮುಂಗಡ ಎಲ್ಲಿಯೂ ನಮೂದಾಗಿಲ್ಲ. ಕಿರ್ದಿಯ ಕೆಲವು ಪುಟಗಳಲ್ಲಿ ಶಿಲ್ಕನ್ನು ಮೂರು ಮೂರು ಸಲ ಹೊಡೆದು ಬರೆಯಲಾಗಿದೆ. ಮಗ ಕೇಳಿದರೆ ತಂದೆಗೆ ಸಿಟ್ಟು. ಗುಮಾಸ್ತ ತಲೆ ತಗ್ಗಿಸುತ್ತಾನೆ. ಮನೆಯೊಳಗೆ ಹಳೆಯ ಮಾತೊಂದು ಕೇಳಿಬರುತ್ತದೆ: ಅರವತ್ತಕ್ಕೆ ಅರಳುಮರಳು.

ಈ ಹಿರಿಯರು ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೇಟೆಯಲ್ಲಿ ವ್ಯವಹಾರ ಬಲ್ಲವರಿಗೆ ಇಂತಹ ಸಂಗತಿ ಅಪರಿಚಿತವೆನಿಸಲಾರದು. ಅರಳುಮರಳು ಎಂಬ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ವೃದ್ಧಾಪ್ಯದಲ್ಲಿ ಬುದ್ಧಿ ಕಳೆದುಹೋಗುವುದು ಸಹಜವೆಂಬ ಭಾವನೆಯನ್ನು ಅದು ತಲೆಮಾರುಗಳಿಂದ ಬೇರೂರಿಸಿದೆ. ವಯಸ್ಸಾದಂತೆ ನೆನಪು ನಿಧಾನವಾಗುವುದು ನಿಜ. ಆದರೆ ಬಲ್ಲ ಕೆಲಸವನ್ನೇ ಮಾಡಲಾಗದಷ್ಟು ಬುದ್ಧಿಶಕ್ತಿ ಕುಂದುವುದು ವಯೋಸಹಜವಲ್ಲ, ಅದು ರೋಗ. ಅದರ ಸಮಗ್ರ ಹೆಸರೇ ಡಿಮೆನ್ಶಿಯಾ. ಕನ್ನಡದಲ್ಲಿ ಮರೆಗುಳಿತನ ಎಂಬ ಪದ ರೂಢಿಯಲ್ಲಿದ್ದರೂ ಅದು ಅಷ್ಟು ಸಮರ್ಪಕವಲ್ಲ. ಏಕೆಂದರೆ ಈ ರೋಗ ನೆನಪನ್ನಷ್ಟೇ ಅಲ್ಲದೆ ಲೆಕ್ಕ, ಮಾತು, ದಿಕ್ಕಿನ ಅರಿವು, ವಿವೇಚನೆ, ಸ್ವಭಾವ ಇವೆಲ್ಲವನ್ನೂ ಬಾಧಿಸುತ್ತದೆ. ಕೆಲವರಲ್ಲಿ ನೆನಪು ಕೊನೆಗೆ ಕೆಡುತ್ತದೆ.

ಡಿಮೆನ್ಶಿಯಾಕ್ಕೆ ಕಾರಣವಾಗುವ ರೋಗಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲ ಬಾರಿಗೆ ವೈದ್ಯರ ಸಭೆಯ ಮುಂದಿಟ್ಟರು. ಅವರು 1901ರಲ್ಲಿ ಪರೀಕ್ಷಿಸಿದ ಮಹಿಳೆಗೆ ಆಗ ಕೇವಲ 51 ವರ್ಷವಾಗಿತ್ತೆಂಬುದು, ಅರವತ್ತರ ಗಾದೆಯನ್ನು ನಂಬುವವರು ಗಮನಿಸತಕ್ಕ ಸಂಗತಿ. ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಬರುವ ಡಿಮೆನ್ಶಿಯಾ ಎರಡನೆಯದು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಸುಮಾರು ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ, ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜಿಸಿದೆ. ನಗರಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಪ್ರಮಾಣ ಹೆಚ್ಚೆಂಬುದು ಅದೇ ಅಧ್ಯಯನದ ಇನ್ನೊಂದು ಅಂಶ. ಇದು ಬೆಂಗಳೂರಿನ ಕಾಯಿಲೆ, ಮಲೆನಾಡಿನವರಿಗೆ ಬಾರದು ಎಂದುಕೊಳ್ಳುವವರಿಗೆ ಈ ಅಂಕಿ ಸಾಕು. ನಮ್ಮ ರಾಜ್ಯದಲ್ಲಿಯೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ಮೀರಿದ ಹತ್ತು ಸಾವಿರ ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯೊಂದಿಗೆ ದೀರ್ಘಾವಧಿ ಅಧ್ಯಯನವನ್ನು ಕೈಗೊಂಡಿದೆ. ಪರೀಕ್ಷೆ 45ರಿಂದಲೇ ಆರಂಭವಾಗುವುದಕ್ಕೆ ಕಾರಣವಿದೆ: ಲಕ್ಷಣಗಳು ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಪ್ರಾರಂಭವಾಗಿರುತ್ತದೆ.

ಹಣದ ಲೆಕ್ಕವೇ ಏಕೆ ಮೊದಲು?

ಮನೆಯಲ್ಲಿ ಊಟ, ಸ್ನಾನ, ಪೂಜೆ, ನೆರೆಹೊರೆಯ ಮಾತುಕತೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಾಗ ಅಂಗಡಿಯ ಲೆಕ್ಕದಲ್ಲಿ ಮಾತ್ರ ಎಡವಟ್ಟು ಕಾಣುವುದೇಕೆ ಎಂಬ ಪ್ರಶ್ನೆ ಸಹಜ. ಹಣದ ವ್ಯವಹಾರವು ನೋಡಲು ಸರಳವಾದರೂ ಮಿದುಳಿಗೆ ಬಹಳ ಕಠಿಣವಾದ ಕೆಲಸ. ಬೆಳಿಗ್ಗೆ ಆಡಿದ ಮಾತು ನೆನಪಿರಬೇಕು, ಕೂಡಿ ಕಳೆಯಬೇಕು, ಎದುರಿನವನು ನಂಬಿಕಸ್ಥನೇ ಎಂದು ತೂಗಬೇಕು, ಮುಂದಿನ ತಿಂಗಳ ಪಾವತಿಯನ್ನು ಈಗಲೇ ಯೋಚಿಸಬೇಕು. ಈ ಎಲ್ಲ ಶಕ್ತಿಗಳೂ ಒಟ್ಟಿಗೆ ದುಡಿದರೆ ಮಾತ್ರ ವ್ಯಾಪಾರ. ಒಂದು ಕೊಂಡಿ ಸಡಿಲವಾದರೂ ಅದು ರೋಕಡದಲ್ಲಿ ಕಾಣುತ್ತದೆ.

ಅಡಿಕೆ ಪರೀಕ್ಷಿಸುವ ಕೈಯ ಅಭ್ಯಾಸ ಹಾಗಲ್ಲ. ವರ್ಷಗಟ್ಟಲೆ ಮಾಡಿ ಮೈಗೂಡಿದ ಕುಶಲತೆಯನ್ನು ಮಿದುಳಿನ ಬೇರೆ ಭಾಗಗಳು ಕಾಪಾಡುತ್ತವೆ. ಆಲ್ಝೈಮರ್ ಕಾಯಿಲೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಹಳೆಯ ನೆನಪುಗಳೂ ಹಾಗೆಯೇ ಬಹುಕಾಲ ಉಳಿಯುತ್ತವೆ. ಮೂವತ್ತು ವರ್ಷದ ಹಿಂದಿನ ದರ ಹೇಳುವವರಿಗೆ ಮರೆವು ಹೇಗೆ ಬಂದೀತು ಎಂಬುದು ಕುಟುಂಬಗಳು ಸಾಮಾನ್ಯವಾಗಿ ಮುಂದಿಡುವ ವಾದ. ಆದರೆ ಹಳೆಯ ದರ ನೆನಪಿದ್ದು ಇಂದು ಬೆಳಿಗ್ಗೆಯ ದರ ನೆನಪಿಲ್ಲದಿರುವುದೇ ಈ ರೋಗದ ನಡೆ.

ಅಮೆರಿಕದಲ್ಲಿ ಒಂಟಿಯಾಗಿ ವಾಸಿಸುವ 81 ಸಾವಿರಕ್ಕೂ ಹೆಚ್ಚು ಹಿರಿಯರ ವೈದ್ಯಕೀಯ ದಾಖಲೆಗಳನ್ನು ಅವರ ಸಾಲದ ದಾಖಲೆಗಳೊಂದಿಗೆ ತಾಳೆ ನೋಡಿದ ಅಧ್ಯಯನವೊಂದು 2020ರ ಕೊನೆಯಲ್ಲಿ ಪ್ರಕಟವಾಯಿತು. ಡಿಮೆನ್ಶಿಯಾ ಎಂದು ವೈದ್ಯರು ಹೇಳುವ ಆರು ವರ್ಷಗಳಷ್ಟು ಮೊದಲೇ ಇಂಥವರು ಬಿಲ್ಲು ಪಾವತಿ ತಪ್ಪಿಸತೊಡಗಿದ್ದರು. ಸುಮಾರು ಎರಡೂವರೆ ವರ್ಷ ಮೊದಲೇ ಅವರ ಸಾಲಯೋಗ್ಯತೆಯ ಅಂಕ ಕುಸಿಯತೊಡಗಿತ್ತು. ನಮ್ಮಲ್ಲಿ ಹಿರಿಯರು ಒಂಟಿಯಾಗಿರುವುದು ಕಡಿಮೆ. ಮಗನೋ ಗುಮಾಸ್ತನೋ ತಪ್ಪನ್ನು ಸರಿಪಡಿಸಿಬಿಡುತ್ತಾರೆ. ಆದ್ದರಿಂದ ಪಾವತಿ ತಪ್ಪದು, ಆದರೆ ಲಕ್ಷಣ ಮುಚ್ಚಿಹೋಗುತ್ತದೆ.

ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕಾಣುವ ಸೂಚನೆಗಳು

ಕೀಲಿಕೈಯನ್ನು ಎಲ್ಲಿಟ್ಟೆನೆಂದು ಮರೆಯುವುದು ಎಲ್ಲರಿಗೂ ಇದ್ದದ್ದೇ. ಹುಡುಕಿ, ಹಿಂದಿನದನ್ನು ನೆನೆದು, ಕಡೆಗೆ ಕಂಡುಕೊಂಡರೆ ಚಿಂತೆಯಿಲ್ಲ. ತಿಜೋರಿಯ ಕೀಲಿಕೈ ಅಕ್ಕಿಯ ಡಬ್ಬದಲ್ಲಿ ಸಿಕ್ಕಿ, ಅದು ಅಲ್ಲಿಗೆ ಹೇಗೆ ಹೋಯಿತೆಂಬುದು ಇಟ್ಟವರಿಗೇ ತಿಳಿಯದಿದ್ದರೆ ಮತ್ತು ಅಷ್ಟರೊಳಗೆ ಆಳಿನ ಮೇಲೆ ಕಳವಿನ ಆರೋಪ ಹೊರಿಸಿಯಾಗಿದ್ದರೆ ಅದು ಬೇರೆ ಮಾತು. ಹತ್ತಾರು ವರ್ಷ ದುಡಿದ ಹಮಾಲರು, ಗುಮಾಸ್ತರು ಇಂತಹ ಆರೋಪದಿಂದ ಮನನೊಂದು ಕೆಲಸ ಬಿಡುವುದುಂಟು. ಮರೆತದ್ದನ್ನು ಮನಸ್ಸು ಕಳವೆಂದು ಅರ್ಥೈಸಿಕೊಳ್ಳುವುದು ಈ ರೋಗದಲ್ಲಿ ಸಾಮಾನ್ಯವೆಂಬುದು ತಿಳಿದಿದ್ದರೆ, ಒಬ್ಬ ನಿರಪರಾಧಿಯ ಹೊಟ್ಟೆಪಾಡು ಉಳಿದೀತು.

ಅದೇ ರೀತಿ, ಗಿರಾಕಿಯ ಹೆಸರು ತಕ್ಷಣ ಹೊಳೆಯದೆ ಸಂಜೆಗೆ ನೆನಪಾದರೆ ಅದು ವಯಸ್ಸು. ಗಿರಾಕಿ ಬೆಳಿಗ್ಗೆ ಬಂದು ಹೋದದ್ದೇ ಸುಳ್ಳೆಂದು ವಾದಿಸಿದರೆ ಅದು ಸೂಚನೆ. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುವುದು, ದಾಸ್ತಾನಿನಲ್ಲಿರುವ ಮಾಲಿಗೇ ಮತ್ತೆ ಬೇಡಿಕೆ ಕಳಿಸುವುದು, ಚಿಲ್ಲರೆ ಎಣಿಸುವಾಗ ಗೊಂದಲಗೊಂಡು ಇಡೀ ನೋಟಿನ ಕಟ್ಟನ್ನೇ ಗಿರಾಕಿಯ ಮುಂದಿಟ್ಟು ‘ನೀವೇ ತಗೊಳ್ಳಿ’ ಎನ್ನುವುದು, ಜಿ.ಎಸ್.ಟಿ. ರಿಟರ್ನಿನ ದಿನ ತಪ್ಪುವುದು, ಟೆಂಡರಿಗೆ ಪ್ರತಿದಿನ ಹೋಗುತ್ತಿದ್ದವರು ಏನೇನೋ ನೆಪ ಹೇಳಿ ಮನೆಯಲ್ಲೇ ಉಳಿಯುವುದು, ಇವೆಲ್ಲವೂ ಗಮನಿಸಬೇಕಾದವು. ಕೊನೆಯದನ್ನು ಮನೆಯವರು ಬೇಸರ, ವೈರಾಗ್ಯ, ವಿಶ್ರಾಂತಿಯ ಆಸೆ ಎಂದು ತಿಳಿಯುತ್ತಾರೆ. ತನ್ನ ತಪ್ಪು ನಾಲ್ವರ ಮುಂದೆ ಬಯಲಾದೀತೆಂಬ ಭಯದಿಂದ ಹಿಂದೆ ಸರಿಯುವವರೇ ಹೆಚ್ಚು. ರೋಗದ ಮೊದಲ ಹಂತದಲ್ಲಿ ತನಗೇನೋ ಆಗುತ್ತಿದೆ ಎಂಬ ಅರಿವು ಹಲವರಿಗೆ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ವಿರಳ.

ಸಣ್ಣ ತಯಾರಿಕಾ ಘಟಕಗಳಲ್ಲಿ ಸೂಚನೆ ಬೇರೆ ರೂಪದಲ್ಲಿ ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಅಥವಾ ಹಲಸಿನ ಹಪ್ಪಳದ ಗೃಹೋದ್ಯಮವನ್ನು ಇಪ್ಪತ್ತೈದು ವರ್ಷ ನಡೆಸಿದ ಮಹಿಳೆಯೊಬ್ಬರು ಮಿಡಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಾರೆ. ಅಳತೆ ಗೊತ್ತು, ಆದರೆ ಕ್ರಮದಲ್ಲಿ ಎಲ್ಲಿಗೆ ಬಂದಿದ್ದೇನೆ ಎಂಬುದು ತಪ್ಪುತ್ತದೆ. ಒಂದು ವರ್ಷದ ಮಾಲು ಕೆಟ್ಟಾಗ ಹವೆ, ಮಿಡಿ, ಭರಣಿ ಎಲ್ಲದರ ಮೇಲೂ ದೋಷ ಹೊರಿಸಲಾಗುತ್ತದೆ. ಮರದ ಮಿಲ್ಲು ಅಥವಾ ಅಡಿಕೆ ಸುಲಿಯುವ ಯಂತ್ರದ ಬಳಿಯಾದರೆ ಇದು ಮಾಲಿನ ನಷ್ಟಕ್ಕೆ ನಿಲ್ಲದೆ ಕೈಬೆರಳಿನ ಪ್ರಶ್ನೆಯಾಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಕೆಳಗಿನ ಬೆಂಕಿಯನ್ನು ಮರೆತು ಹೋಗುವುದೂ ಈ ಪಟ್ಟಿಗೆ ಸೇರುತ್ತದೆ.

ಮಿದುಳಿನ ಮುಂಭಾಗವನ್ನು ಮೊದಲು ಬಾಧಿಸುವ ಇನ್ನೊಂದು ಬಗೆಯ ಡಿಮೆನ್ಶಿಯಾ ಐವತ್ತರ ಆಸುಪಾಸಿನಲ್ಲಿಯೇ ಕಾಣಿಸಿಕೊಳ್ಳುವುದುಂಟು. ಇದರಲ್ಲಿ ನೆನಪು ಚೆನ್ನಾಗಿಯೇ ಇರುತ್ತದೆ. ಕೆಡುವುದು ನಡತೆ ಮತ್ತು ವಿವೇಚನೆ. ಬಿಗಿಹಸ್ತದವರೆಂದು ಹೆಸರಾದವರು ಏಕಾಏಕಿ ಕಂಡಕಂಡವರಿಗೆ ಉದ್ರಿ ಕೊಡತೊಡಗುತ್ತಾರೆ, ಲಾಟರಿ ಬಂದಿದೆಯೆಂಬ ಫೋನ್ ಕರೆಗೆ ಹಣ ಕಳಿಸುತ್ತಾರೆ, ಸಭೆಯಲ್ಲಿ ಆಡಬಾರದ ಮಾತಾಡುತ್ತಾರೆ. ಜನ ಇದನ್ನು ಹಣದ ಸೊಕ್ಕು ಅಥವಾ ಕೆಟ್ಟ ಸಹವಾಸ ಎನ್ನುತ್ತಾರೆ. ವೈದ್ಯರ ಬಳಿ ಹೋಗುವ ಯೋಚನೆ ಯಾರಿಗೂ ಬರುವುದಿಲ್ಲ.

ಪರಿಚಿತ ದಾರಿ ತಪ್ಪುವುದು ಮತ್ತೊಂದು ಮುಖ್ಯ ಲಕ್ಷಣ. ಅರಬೈಲು ಘಟ್ಟವನ್ನು ಸಾವಿರ ಸಲ ಇಳಿದವರು ಅಂಕೋಲೆಗೆ ಹೊರಟು ಹುಬ್ಬಳ್ಳಿ ದಿಕ್ಕಿಗೆ ತಿರುಗಿದರೆ, ಅಥವಾ ಓಡಾಡಿದ ರಸ್ತೆಯಲ್ಲೇ ಎಲ್ಲಿದ್ದೇನೆಂದು ತಿಳಿಯದೆ ನಿಂತರೆ, ವಾಹನದ ಕೀಲಿಯನ್ನು ಅಂದೇ ಬೇರೆಯವರ ಕೈಗೆ ಕೊಡುವುದು ಉಚಿತ.

2016ರಲ್ಲಿ ತೆರೆಗೆ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅವರು ಆಲ್ಝೈಮರ್ ಪೀಡಿತ ತಂದೆಯ ಪಾತ್ರವನ್ನು ನಿರ್ವಹಿಸಿದ ಮೇಲೆ ಕನ್ನಡಿಗರಲ್ಲಿ ಈ ರೋಗದ ಪರಿಚಯ ಹೆಚ್ಚಿತೆಂಬುದು ನಿಜ. ಆದರೆ ಮನೆಬಿಟ್ಟು ಕಾಣೆಯಾಗುವುದು ರೋಗ ಬಲಿತ ಮೇಲಿನ ಕಥೆ. ಮೊದಲ ಹಂತದಲ್ಲಿ ಸಿನಿಮಾಕ್ಕೆ ಯೋಗ್ಯವಾದ ಘಟನೆಯೇ ಇರುವುದಿಲ್ಲ. ಅಲ್ಲೊಂದು ತಪ್ಪಿದ ಮೊತ್ತ, ಇಲ್ಲೊಂದು ಮರೆತ ಮಾತು.

ಹೋಲಿಕೆ ಯಾರೊಂದಿಗೆ?

ಇಂತಹ ಸೂಚನೆಗಳನ್ನು ಅಳೆಯುವಾಗ ಒಂದು ನಿಯಮ ಮುಖ್ಯ. ಹಿರಿಯರನ್ನು ನೆರೆಮನೆಯವರೊಂದಿಗೆ ಹೋಲಿಸಬಾರದು. ಐದು ವರ್ಷದ ಹಿಂದಿನ ಅವರೊಂದಿಗೇ ಹೋಲಿಸಬೇಕು. ಹುಟ್ಟಿನಿಂದಲೂ ಲೆಕ್ಕದಲ್ಲಿ ಹಿಂದಿದ್ದವರ ತಪ್ಪು ಲಕ್ಷಣವಲ್ಲ. ಬಾಯಿಲೆಕ್ಕದಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದವರು ಸಾಧಾರಣ ಮಟ್ಟಕ್ಕೆ ಇಳಿದರೂ ಅದು ಲಕ್ಷಣವೇ. ಒಂದು ದಿನದ ತಪ್ಪಿಗೆ ಗಾಬರಿಯಾಗುವ ಅಗತ್ಯವಿಲ್ಲ. ಆರು ತಿಂಗಳ ಉದ್ದಕ್ಕೂ ತಪ್ಪುಗಳು ಹೆಚ್ಚುತ್ತಾ ಹೋದರೆ ತಡಮಾಡಬಾರದು.

ಈ ವಿಷಯದಲ್ಲಿ ವ್ಯಾಪಾರಿ ಕುಟುಂಬಕ್ಕೆ ಇತರರಿಗಿಲ್ಲದ ಒಂದು ಅನುಕೂಲವಿದೆ. ದಿನಾಂಕ ಸಹಿತವಾದ ಬರವಣಿಗೆ ಅವರ ಕಪಾಟಿನಲ್ಲಿಯೇ ಇರುತ್ತದೆ. ಐದು ವರ್ಷದ ಹಿಂದಿನ ಕಿರ್ದಿಯ ಪುಟವನ್ನೂ ಈಗಿನ ಪುಟವನ್ನೂ, ಹಳೆಯ ಚೆಕ್ಕಿನ ಸಹಿಯನ್ನೂ ಹೊಸ ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಬೇರೆ ಕುಟುಂಬಗಳು ಬರೀ ಬಾಯಿಮಾತಿನಲ್ಲಿ ಹೇಳಬೇಕಾದದ್ದು ಇಲ್ಲಿ ಕಾಗದದ ಮೇಲೆ ಕಾಣುತ್ತದೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಅಂಗಡಿಗಳಲ್ಲಿ ಈ ಸಾಕ್ಷ್ಯ ಕಡಿಮೆಯಾಗಿದೆ. ಅಲ್ಲಿ ಯಜಮಾನರ ತಪ್ಪನ್ನು ಗುಮಾಸ್ತ ನಮೂದಿಸುವಾಗಲೇ ತಿದ್ದಿಬಿಡುತ್ತಾನೆ. ಅದು ನಿಷ್ಠೆಯೇ ಸರಿ. ಆದರೆ ‘ಇತ್ತೀಚೆಗೆ ಎಷ್ಟು ತಿದ್ದುತ್ತಿದ್ದೀಯ?’ ಎಂದು ಗುಮಾಸ್ತನನ್ನು ಗುಟ್ಟಾಗಿ ಕೇಳಿದರೆ ತಿಳಿಯುವ ಸತ್ಯ ಎಷ್ಟೋ ಸಲ ಮನೆಯವರಿಗೆ ತಿಳಿದಿರುವುದಿಲ್ಲ.

ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ

ಬೇಗ ವೈದ್ಯರಿಗೆ ತೋರಿಸಬೇಕೆನ್ನುವುದಕ್ಕೆ ಅತಿ ದೊಡ್ಡ ಕಾರಣವೆಂದರೆ, ನೋಡಲು ಹಾಗೆಯೇ ಕಾಣುವ ಆದರೆ ವಾಸಿಯಾಗಬಲ್ಲ ಕಾಯಿಲೆಗಳಿರುವುದು. ಬಿ-12 ಜೀವಸತ್ತ್ವದ ಕೊರತೆ ಅವುಗಳಲ್ಲೊಂದು. ಶುದ್ಧ ಸಸ್ಯಾಹಾರಿಗಳಲ್ಲಿ ಈ ಕೊರತೆ ಹೆಚ್ಚಾದ್ದರಿಂದ ನಮ್ಮ ಭಾಗದ ಮನೆಗಳಿಗೆ ಇದು ನೇರವಾಗಿ ಸಂಬಂಧಿಸಿದೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸಬಹುದು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತದಲ್ಲಿ ಸೋಡಿಯಂ ಇಳಿಯುವುದು, ನಿದ್ರೆಯ ಮಾತ್ರೆಗಳ ಅತಿಬಳಕೆ, ಖಿನ್ನತೆ ಇವೂ ಹೀಗೆಯೇ ಮೋಸಗೊಳಿಸುತ್ತವೆ. ಪತ್ನಿ ತೀರಿಕೊಂಡ ಮೇಲೆ ಮಂಕಾಗಿ, ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನುವ ಹಿರಿಯರಿಗೆ ಬೇಕಾದ ಚಿಕಿತ್ಸೆ ಬೇರೆ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ತಲೆಗೆ ಸಣ್ಣ ಪೆಟ್ಟು ಬಿದ್ದು, ಗಾಯವೂ ಇಲ್ಲದೆ ಎಲ್ಲರೂ ಮರೆತ ಮೇಲೆ, ಕೆಲವು ವಾರಗಳ ನಂತರ ಹಿರಿಯರಲ್ಲಿ ಗೊಂದಲ, ತೂಕಡಿಕೆ, ನಡಿಗೆಯಲ್ಲಿ ವಾಲುವಿಕೆ ಕಾಣಿಸಿಕೊಳ್ಳುವುದುಂಟು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಶೇಖರವಾಗುವುದು ಇದಕ್ಕೆ ಕಾರಣವಾಗಿರಬಹುದು. ಸ್ಕ್ಯಾನಿಂಗ್ ಮಾಡಿದರೆ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಜನ ಮೊದಲಿನಂತಾಗುತ್ತಾರೆ. ಇನ್ನು ನಿನ್ನೆಯವರೆಗೆ ಸರಿಯಿದ್ದವರು ಇಂದು ಏನೇನೋ ಬಡಬಡಿಸತೊಡಗಿದರೆ ಅದು ಡಿಮೆನ್ಶಿಯಾದ ರೀತಿಯಲ್ಲ. ಸೋಂಕು, ಪಾರ್ಶ್ವವಾಯು ಇತ್ಯಾದಿ ಇರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಕಿವಿಯ ಮಾತನ್ನೂ ಇಲ್ಲಿಯೇ ಸೇರಿಸಬಹುದು. ಯಂತ್ರಗಳ ಸದ್ದಿನ ನಡುವೆ ಬಾಳಿದ ಮಿಲ್ಲಿನವರಿಗೆ ಶ್ರವಣಶಕ್ತಿ ಕುಂದಿರುತ್ತದೆ. ಕೇಳಿಸದೆ ತಪ್ಪು ಉತ್ತರ ಕೊಡುವವರನ್ನು ಮರೆವಿನವರೆಂದು ತಿಳಿಯುವುದು ಒಂದು ತೊಡಕು. ಕಿವುಡನ್ನು ಹಾಗೆಯೇ ಬಿಟ್ಟರೆ ಅದೇ ಡಿಮೆನ್ಶಿಯಾದ ಅಪಾಯವನ್ನು ಹೆಚ್ಚಿಸುವುದು ಇನ್ನೊಂದು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿಮಾಡಿದ, ಬದಲಾಯಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷ ಪ್ರಮುಖವಾದದ್ದು. ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್, ಧೂಮಪಾನ, ಅತಿಯಾದ ಮದ್ಯ, ವ್ಯಾಯಾಮದ ಕೊರತೆ, ಒಂಟಿತನ ಮೊದಲಾದವು ಉಳಿದವು. ಇವೆಲ್ಲವನ್ನೂ ಜೀವಮಾನದುದ್ದಕ್ಕೂ ಹತೋಟಿಯಲ್ಲಿಟ್ಟರೆ ಜಗತ್ತಿನ ಸುಮಾರು ಶೇ. 45ರಷ್ಟು ಡಿಮೆನ್ಶಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂಬುದು ಆಯೋಗದ ಅಂದಾಜು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಾದಿಯ ಮೇಲೆ ಕುಳಿತೇ ಇರುವ ವರ್ಗಕ್ಕೆ ಈ ಪಟ್ಟಿ ಹಿತವೆನಿಸಲಾರದು.

ಹಿತವೆನಿಸುವ ಸಂಗತಿಯೂ ಒಂದಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು. ಓದುಬರಹವಿಲ್ಲದವರಲ್ಲಿಯೂ ಈ ಅಂತರವಿತ್ತು. ಕನ್ನಡ, ಕೊಂಕಣಿ, ಮರಾಠಿ, ಹಿಂದಿಗಳಲ್ಲಿ ಒಂದೇ ದಿನ ವ್ಯಾಪಾರ ಕುದುರಿಸುವ ಯಲ್ಲಾಪುರ ಪೇಟೆಯವರಿಗೆ ಇದು ಪಿತ್ರಾರ್ಜಿತವಾಗಿ ಬಂದ ಲಾಭ.

ಸಹಿಯ ಬೆಲೆ

ನೌಕರನಿಗೆ ಈ ರೋಗ ಬಂದರೆ ಅವನ ಸಂಸಾರಕ್ಕೆ ಕಷ್ಟ. ವ್ಯಾಪಾರದ ಯಜಮಾನನಿಗೆ ಬಂದರೆ ಅವನ ಸಹಿಯನ್ನು ನಂಬಿದ ಬೆಳೆಗಾರರು, ಪಾಲುದಾರರು, ಬ್ಯಾಂಕು, ಆಳುಗಳು ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಕಾನೂನಿನ ಅಂಶವನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಅವಶ್ಯ.

1872ರ ಭಾರತೀಯ ಕರಾರು ಕಾಯಿದೆಯ 12ನೆಯ ಕಲಮಿನಂತೆ, ಕರಾರು ಮಾಡುವ ಹೊತ್ತಿಗೆ ಅದನ್ನು ಅರಿತುಕೊಳ್ಳುವ ಮತ್ತು ತನ್ನ ಹಿತಕ್ಕೆ ಅದರಿಂದಾಗುವ ಪರಿಣಾಮವನ್ನು ವಿವೇಚಿಸುವ ಶಕ್ತಿ ವ್ಯಕ್ತಿಗೆ ಇರಬೇಕು. ರೋಗದ ಹೆಸರು ಬಂದ ಮಾತ್ರಕ್ಕೆ ಈ ಶಕ್ತಿ ಹೋಯಿತೆಂದು ಅರ್ಥವಲ್ಲ. ಆರಂಭದ ಹಂತದಲ್ಲಿ ಬಹಳಷ್ಟು ಜನ ತಮ್ಮ ಆಸ್ತಿಯ ಬಗ್ಗೆ ಸ್ಪಷ್ಟವಾಗಿ ನಿರ್ಧರಿಸಬಲ್ಲರು. ಬೇಗ ಗುರುತಿಸುವುದರ ಮಹತ್ವ ಇರುವುದೇ ಇಲ್ಲಿ: ವ್ಯವಸ್ಥೆ ಮಾಡಬೇಕಾದವರು ಅವರೇ, ಅದಕ್ಕೆ ಇರುವ ಕಾಲಾವಕಾಶ ಈಗಿನದು.

ಅನೇಕ ಕುಟುಂಬಗಳು ಮುಖ್ತಿಯಾರ್ ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಮಾಡಿಸಿ ನಿಶ್ಚಿಂತರಾಗುತ್ತವೆ. ಇದೇ ಕಾಯಿದೆಯ 201ನೆಯ ಕಲಮನ್ನು ಅವರು ಓದಿರುವುದಿಲ್ಲ. ಅಧಿಕಾರ ಕೊಟ್ಟವರು ಸ್ವಸ್ಥಚಿತ್ತ ಕಳೆದುಕೊಂಡರೆ ಕೊಟ್ಟ ಅಧಿಕಾರವೂ ಕೊನೆಗೊಳ್ಳುತ್ತದೆ. ಬ್ರಿಟನ್ ಮೊದಲಾದ ದೇಶಗಳಲ್ಲಿ ಬುದ್ಧಿ ಕೆಟ್ಟ ಮೇಲೂ ಮುಂದುವರಿಯುವ ಮುಖ್ತಿಯಾರಿಗೆ ಕಾನೂನಿನಲ್ಲಿ ಅವಕಾಶವಿದೆ. ಭಾರತದಲ್ಲಿ ಆ ವ್ಯವಸ್ಥೆ ಇಲ್ಲ. ಅತ್ಯಂತ ಅಗತ್ಯವಾದ ಹೊತ್ತಿಗೇ ಕಾಗದ ನಿರರ್ಥಕವಾಗುವುದೆಂದರೆ ಇದೇ. ಆಮೇಲೆ ಉಳಿಯುವ ದಾರಿ ನ್ಯಾಯಾಲಯದ ಮೂಲಕ ಪೋಷಕರನ್ನು ನೇಮಿಸಿಕೊಳ್ಳುವುದು. ಅದಕ್ಕೆ ಹಿಡಿಯುವ ಕಾಲದಲ್ಲಿ ಒಂದು ಅಡಿಕೆ ಹಂಗಾಮು ಮುಗಿದುಹೋದೀತು.

ಆದ್ದರಿಂದ ವಿವೇಚನೆ ಗಟ್ಟಿಯಾಗಿರುವಾಗಲೇ ಮಾಡತಕ್ಕ ಕೆಲಸಗಳಿವೆ. ಬ್ಯಾಂಕ್ ಖಾತೆಯನ್ನು ಜಂಟಿಯಾಗಿಸುವುದು, ದೊಡ್ಡ ಮೊತ್ತದ ಚೆಕ್ಕಿಗೆ ಎರಡು ಸಹಿ ಬೇಕೆಂದು ಸೂಚನೆ ಕೊಡುವುದು, ಠೇವಣಿ ಮತ್ತು ವಿಮೆಗಳಿಗೆ ನಾಮನಿರ್ದೇಶನ ಮಾಡಿಸುವುದು, ಒಡೆತನದ ಅಂಗಡಿಯಾದರೆ ಮಗ ಅಥವಾ ಮಗಳನ್ನು ಪಾಲುದಾರರಾಗಿ ಸೇರಿಸಿಕೊಳ್ಳುವುದು, ಬಾಯಿಮಾತಿನ ಉದ್ರಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಿ ಎರಡೂ ಕಡೆಯವರ ಸಹಿ ಹಾಕಿಸುವುದು ಇವುಗಳಲ್ಲಿ ಮುಖ್ಯ. ಮಲೆನಾಡಿನ ಪೇಟೆಗಳಲ್ಲಿ ವ್ಯವಹಾರದ ಅರ್ಧ ಭಾಗ ಇಂದಿಗೂ ಯಜಮಾನರ ತಲೆಯಲ್ಲಿಯೇ ಇರುತ್ತದೆಂಬುದನ್ನು ಗಮನಿಸಿದರೆ ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಮೊದಲಿನದು. ಮೃತ್ಯುಪತ್ರ ಬರೆಸುವುದಾದರೆ ಇಬ್ಬರು ಸಾಕ್ಷಿಗಳು ಬೇಕೇಬೇಕು. ಅದರ ಜೊತೆಗೆ, ಬರೆದವರು ಆ ದಿನ ಸ್ವಸ್ಥಚಿತ್ತರಾಗಿದ್ದರೆಂಬ ವೈದ್ಯರ ಪ್ರಮಾಣಪತ್ರವನ್ನೂ ಪಡೆದಿಟ್ಟರೆ ಮುಂದಿನ ವ್ಯಾಜ್ಯಕ್ಕೆ ಆಸ್ಪದ ಕಡಿಮೆ.

ಪಾಲುದಾರಿಕೆಯ ಸಂಸ್ಥೆಗಳಲ್ಲಿ ಪಾಲುದಾರರೊಬ್ಬರು ಸ್ವಸ್ಥಚಿತ್ತ ಕಳೆದುಕೊಂಡರೆ, 1932ರ ಪಾಲುದಾರಿಕೆ ಕಾಯಿದೆಯ 44ನೆಯ ಕಲಮಿನಡಿ ಸಂಸ್ಥೆಯ ವಿಸರ್ಜನೆಗಾಗಿ ನ್ಯಾಯಾಲಯಕ್ಕೆ ಹೋಗಲು ಅವಕಾಶವಿದೆ. ಪಾಲುದಾರಿಕೆ ಪತ್ರದಲ್ಲಿಯೇ ಇಂತಹ ಸಂದರ್ಭದಲ್ಲಿ ಏನು ಮಾಡಬೇಕೆಂದು ಒಂದು ಕಲಮು ಬರೆಸಿದರೆ ನ್ಯಾಯಾಲಯದ ದಾರಿಯನ್ನು ತಪ್ಪಿಸಬಹುದು. ಸಹಿ ಬದಲಾಗುವುದರ ಪರಿಣಾಮವನ್ನೂ ಲಘುವಾಗಿ ಕಾಣುವಂತಿಲ್ಲ. ಖಾತೆಯಲ್ಲಿ ಹಣವಿದ್ದರೂ ಸಹಿ ಹೊಂದದ ಕಾರಣಕ್ಕೆ ಚೆಕ್ಕು ವಾಪಸಾದರೆ, ಅದೂ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ವ್ಯಾಪ್ತಿಗೆ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪಿತ್ತಿದೆ.

ಮಂಗಳೂರಿನಲ್ಲಿ 1930ರಲ್ಲಿ ಜನಿಸಿ, ಕಾರ್ಮಿಕ ಧುರೀಣರಾಗಿ ಬೆಳೆದು, ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟ ಜಾರ್ಜ್ ಫರ್ನಾಂಡಿಸ್ ಅವರು ತಮ್ಮ ಕೊನೆಯ ವರ್ಷಗಳನ್ನು ಆಲ್ಝೈಮರ್ ಕಾಯಿಲೆಯಲ್ಲಿ ಕಳೆದು 2019ರ ಜನವರಿ 29ರಂದು ನಿಧನರಾದರು. ಅವರ ಆರೈಕೆ ಯಾರ ಹೊಣೆ, ಯಾರು ಅವರನ್ನು ಕಾಣಬಹುದು ಎಂಬ ವಿವಾದ 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಹತ್ತು ಭಾಷೆ ಬಲ್ಲವರೆಂದು ಹೆಸರಾದ, ದೇಶದ ರಕ್ಷಣಾ ಖಾತೆಯನ್ನು ನಿರ್ವಹಿಸಿದ ವ್ಯಕ್ತಿಯ ವಿಷಯದಲ್ಲಿಯೇ ಹೀಗಾದರೆ, ಬಾಯಿಮಾತಿನ ಮೇಲೆ ನಡೆಯುವ ಅವಿಭಕ್ತ ಕುಟುಂಬದ ಅಂಗಡಿಯಲ್ಲಿ ಏನಾದೀತೆಂಬುದನ್ನು ಊಹಿಸಬಹುದು.

ಎಲ್ಲಿಗೆ, ಹೇಗೆ ಹೋಗುವುದು?

ಹಿರಿಯರನ್ನು ಆಸ್ಪತ್ರೆಗೆ ಒಪ್ಪಿಸುವುದೇ ಮೊದಲ ತೊಡಕು. ‘ನಿಮಗೆ ತಲೆ ಕೆಟ್ಟಿದೆ’ ಎಂಬ ಅರ್ಥ ಬರುವ ಯಾವ ಮಾತೂ ಸಲ್ಲದು. ‘ಅಪ್ಪಯ್ಯ, ಹೇಗೂ ಬಿ.ಪಿ., ಸಕ್ಕರೆ ನೋಡಿಸುವುದಿದೆ, ಅದರ ಜೊತೆ ಮರೆವಿನ ವಿಷಯವನ್ನೂ ಒಂದು ಮಾತು ಕೇಳಿ ಬರೋಣ’ ಎಂದರೆ ಬಹುತೇಕರು ಒಪ್ಪುತ್ತಾರೆ. ತಪ್ಪುಗಳನ್ನು ಗಿರಾಕಿಗಳ ಮುಂದೆ, ಮೊಮ್ಮಕ್ಕಳ ಮುಂದೆ ಎತ್ತಿ ತೋರಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂಗಡಿಗೆ ಬರುವುದನ್ನು ಒಮ್ಮೆಲೇ ತಪ್ಪಿಸುವುದೂ ಒಳ್ಳೆಯದಲ್ಲ. ಹಣದ ಜವಾಬ್ದಾರಿಯನ್ನು ಮೆಲ್ಲಗೆ ಬೇರೆಯವರಿಗೆ ವಹಿಸಿ, ಮಾಲು ನೋಡುವ, ಹಳೆಯ ಬೆಳೆಗಾರರನ್ನು ಮಾತಾಡಿಸುವ ಕೆಲಸವನ್ನು ಅವರಲ್ಲಿಯೇ ಉಳಿಸಿದರೆ ಅವರಿಗೂ ಗೌರವ, ಅಂಗಡಿಗೂ ಉಪಯೋಗ.

ತಾಲ್ಲೂಕು ಆಸ್ಪತ್ರೆಯ ವೈದ್ಯರು ಅಥವಾ ಮನೆಯ ವೈದ್ಯರಿಂದಲೇ ಆರಂಭಿಸಬಹುದು. ಬಿ-12, ಥೈರಾಯ್ಡ್, ಸಕ್ಕರೆ, ಸೋಡಿಯಂ ಮುಂತಾದ ರಕ್ತಪರೀಕ್ಷೆಗಳಿಗೆ ದೂರ ಹೋಗುವ ಅಗತ್ಯವಿಲ್ಲ. ಮುಂದಿನ ತಪಾಸಣೆಗೆ ನರರೋಗ ಅಥವಾ ಮನೋರೋಗ ತಜ್ಞರು ಬೇಕು. ಯಲ್ಲಾಪುರದವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಕೇಂದ್ರವಾದ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇವು ಒಂದು ದಿನದಲ್ಲಿ ಹೋಗಿಬರಬಹುದಾದವು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ಪ್ರಾಯೋಗಿಕ ಹಂತವನ್ನು ದಾಟಿ ಜಿಲ್ಲಾ ಆಸ್ಪತ್ರೆಗಳಿಗೆ ವಿಸ್ತರಿಸಿದೆ. ಇಂಗ್ಲಿಷಿನ ಪ್ರಶ್ನೆಗಳಿಗೆ ಉತ್ತರಿಸಲಾಗದೆ ಹಿರಿಯರು ಅನುತ್ತೀರ್ಣರಾಗುವ ಕಾಲವೂ ಹೋಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಿದ್ಧಪಡಿಸಿದ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಲಭ್ಯವಿದೆ.

ರೋಗವೆಂದೇ ಖಚಿತವಾದರೆ ಗುಣಪಡಿಸುವ ಔಷಧ ಇಲ್ಲ. ಡೊನೆಪೆಜಿಲ್, ಮೆಮಾಂಟಿನ್ ಮೊದಲಾದ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುತ್ತವೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಮಾನ್ಯತೆ ಪಡೆದ ಲೆಕನೆಮ್ಯಾಬ್ ಎಂಬ ಔಷಧ ಆಲ್ಝೈಮರ್ ಕಾಯಿಲೆಯ ಗತಿಯನ್ನು ಸ್ವಲ್ಪ ನಿಧಾನಿಸುತ್ತದೆ, ಅದೂ ಮೊದಲ ಹಂತದಲ್ಲಿ ಮಾತ್ರ. ಪವಾಡದ ಔಷಧ ಕೊಡುವೆನೆಂದು ಜಾಹೀರಾತು ಹಾಕುವವರಿಗೆ ಹಣ ತೆರುವುದು ಇನ್ನೊಂದು ನಷ್ಟದ ಬಾಬ್ತು.

ವೈದ್ಯರ ಬಳಿ ಹೋಗುವಾಗ ಜೊತೆಯಲ್ಲೇ ವಾಸಿಸುವವರೊಬ್ಬರು ಹೋಗುವುದು ಅತ್ಯಗತ್ಯ, ಏಕೆಂದರೆ ರೋಗಿಗಿಂತ ಅವರ ಮಾತೇ ಹೆಚ್ಚು ಉಪಯುಕ್ತ. ಸೇವಿಸುತ್ತಿರುವ ಎಲ್ಲ ಮಾತ್ರೆಗಳು, ಕನ್ನಡಕ, ಶ್ರವಣಯಂತ್ರವಿದ್ದರೆ ಅದು, ಮೊದಲ ತಪ್ಪು ಯಾವ ತಿಂಗಳಲ್ಲಿ ಕಂಡಿತೆಂಬ ಟಿಪ್ಪಣಿ, ಕಿರ್ದಿಯ ಹಳೆಯ ಮತ್ತು ಹೊಸ ಪುಟಗಳ ಪ್ರತಿ ಇವನ್ನು ಒಯ್ಯಬೇಕು. ಹೊರಡುವ ಮುನ್ನ ಸಲಹೆ ಬೇಕಿದ್ದಲ್ಲಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೂ, ಹಿರಿಯ ನಾಗರಿಕರ ಸಹಾಯವಾಣಿಗೆ 14567 ಸಂಖ್ಯೆಗೂ ಉಚಿತವಾಗಿ ಕರೆ ಮಾಡಬಹುದು. ಮೊದಲ ತಪಾಸಣೆಯಲ್ಲಿ ಏನೂ ಖಚಿತವಾಗದಿದ್ದರೆ ವೈದ್ಯರು ಆರು ತಿಂಗಳು ಅಥವಾ ಒಂದು ವರ್ಷ ಬಿಟ್ಟು ಮತ್ತೆ ಬರಹೇಳುತ್ತಾರೆ. ಆ ದಿನದ ವರದಿಯನ್ನು ಅಂಗಡಿಯ ಕಾಗದಪತ್ರಗಳ ಜೊತೆಯಲ್ಲಿಯೇ ಜೋಪಾನವಾಗಿಟ್ಟಿರಬೇಕು. ಎರಡನೆಯ ಭೇಟಿಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.